ಏಳು ದ್ವೀಪ, ಮೂರು ಆಟ

1923ರ ಅಕ್ಟೋಬರ್ 15ರಂದು ಬೊಂಬಾಯಿಯ ಆರು ಮಂದಿ ಪಾರ್ಸಿ ತರುಣರು ಸೈಕಲ್ ಹತ್ತಿ ಊರು ಬಿಟ್ಟರು. ಎಲ್ಲರೂ ಇಪ್ಪತ್ತರ ಹರೆಯದವರು, ಬಾಂಬೆ ವೇಟ್‌ಲಿಫ್ಟಿಂಗ್ ಕ್ಲಬ್ಬಿನಲ್ಲಿ ಭಾರ ಎತ್ತುತ್ತಿದ್ದವರು. ಮೂರು ವರ್ಷ ಹಿಂದೆ ಓವಲ್ ಮೈದಾನದಲ್ಲಿ ಅವರು ಫ್ರಾನ್ಸಿನವನೊಬ್ಬನ ಭಾಷಣ ಕೇಳಿದ್ದರು. ಆತ ಯುರೋಪಿನಿಂದ ಭಾರತದವರೆಗೆ ನಡೆದು ಬಂದಿದ್ದ. ಆ ಭಾಷಣ ತಲೆಯೊಳಗೆ ಕೂತುಬಿಟ್ಟಿತು. ಹೊರಟ ಆರು ಜನರಲ್ಲಿ ಒಬ್ಬರು ಟೆಹರಾನಿನಿಂದ ಹಿಂದಿರುಗಿದರು, ಇಬ್ಬರು ಅಮೆರಿಕದಲ್ಲೇ ಉಳಿದರು. ಆದಿ ಹಕೀಮ್, ಜಾಲ್ ಬಾಪಸೋಲಾ, ರುಸ್ತಮ್ ಭೂಮ್‌ಗರಾ ಎಂಬ ಮೂವರು ಮಾತ್ರ ಭೂಮಿಯನ್ನು ಸುತ್ತಿ, 1928ರ ಮಾರ್ಚ್ 18ರಂದು ಬೊಂಬಾಯಿಗೆ ಮರಳಿದರು. ಅಷ್ಟರಲ್ಲಿ ಅವರು ತುಳಿದ ದೂರ ಸುಮಾರು 71,000 ಕಿಲೋಮೀಟರು.

ಈಜು, ಸೈಕಲ್, ಓಟ ಮೂರನ್ನೂ ಒಂದರ ಬೆನ್ನಿಗೆ ಒಂದು ಮುಗಿಸುವ ಟ್ರಯಾಥ್ಲಾನ್ ಎಂಬ ಆಟ ಆಗಿನ್ನೂ ಹುಟ್ಟಿರಲಿಲ್ಲ. ಆದರೆ ಅದಕ್ಕೆ ಬೇಕಾದ ಛಲ ಮುಂಬಯಿಯಲ್ಲಿ ನೂರು ವರ್ಷ ಹಿಂದೆಯೇ ಇತ್ತು. ಸುತ್ತಲೂ ಸಮುದ್ರವಿತ್ತು, ಆಚೆ ದಡ ದಾಟಿದರೆ ಬೋರ್ ಘಾಟಿನ ಏರು ಇತ್ತು. ಇಷ್ಟೆಲ್ಲ ಇದ್ದೂ ಇಂದು ಈ ಊರಿನ ಟ್ರಯಾಥ್ಲೀಟ್ ಮೂರು ಆಟಗಳನ್ನೂ ಒಂದೇ ಬೆಳಗಿನಲ್ಲಿ ತನ್ನ ಊರಿನಲ್ಲಿ ಆಡಬೇಕೆಂದರೆ ಪರದಾಡಬೇಕು. ಇದು ಹೇಗಾಯಿತು ಎಂದು ತಿಳಿಯಲು ಆಟದ ಚರಿತ್ರೆಯ ಜೊತೆಗೆ ದ್ವೀಪದ ಚರಿತ್ರೆಯನ್ನೂ ನೋಡಬೇಕು.

ಮೊದಲು ಆಟ. ಟ್ರಯಾಥ್ಲಾನ್ ಎಂಬ ಹೆಸರಿನ ಸ್ಪರ್ಧೆ 1974ರ ಸೆಪ್ಟೆಂಬರ್ 25ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋದ ಮಿಷನ್ ಬೇಯಲ್ಲಿ ನಡೆಯಿತು. ಅದು ಜಗತ್ತಿನ ಕಣ್ಣಿಗೆ ಬಿದ್ದದ್ದು ಮಾತ್ರ ಒಂದು ದ್ವೀಪದಿಂದ. ಹವಾಯಿಯ ಓವಾಹು ದ್ವೀಪದಲ್ಲಿ ಆಗಲೇ ಮೂರು ಬೇರೆ ಬೇರೆ ಸ್ಪರ್ಧೆಗಳಿದ್ದವು: ವೈಕೀಕಿಯ ಕಡಲ ಈಜು, ದ್ವೀಪವನ್ನು ಸುತ್ತುವ ಸೈಕಲ್ ರೇಸು, ಹೊನೊಲುಲು ಮ್ಯಾರಥಾನ್. ಈಜುಗಾರ, ಓಟಗಾರ, ಸೈಕಲ್ ಸವಾರ ಇವರಲ್ಲಿ ಯಾರ ದೇಹ ಗಟ್ಟಿ ಎಂಬ ವಾದ ಅಲ್ಲಿ ಎದ್ದಿತು. ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಮೂರನ್ನೂ ಒಂದೇ ದಿನ ಮಾಡಿ ನೋಡೋಣ ಎಂದರು. 1978ರ ಫೆಬ್ರವರಿ 18ರಂದು 15 ಮಂದಿ ಹೊರಟರು, 12 ಮಂದಿ ಮುಗಿಸಿದರು. 3.86 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.195 ಕಿ.ಮೀ. ಓಟ. ಗೆದ್ದ ಗಾರ್ಡನ್ ಹಾಲರ್ ತೆಗೆದುಕೊಂಡದ್ದು ಹನ್ನೆರಡು ಗಂಟೆಗೆ ಸ್ವಲ್ಪ ಕಡಿಮೆ. ಹೊಟ್ಟೆಪಾಡಿಗೆ ಟ್ಯಾಕ್ಸಿ ಓಡಿಸುತ್ತಿದ್ದವರು ಅವರು. ಎರಡನೆಯವರಾಗಿ ಬಂದ ಜಾನ್ ಡನ್‌ಬಾರ್‌ಗೆ ದಾರಿಯಲ್ಲಿ ನೀರು ಮುಗಿದು, ಜೊತೆಗಿದ್ದವರು ಬಿಯರ್ ಕೊಟ್ಟ ಕತೆ ಈಗಲೂ ಪ್ರಸಿದ್ಧ. ಆ ದಿನ ಹವ್ಯಾಸಿಗಳೇ ಎಲ್ಲರೂ. ಉತ್ತಮ ದರ್ಜೆಯ ಆಟಗಾರರು ಎಂಬ ಬೇರೆ ಸಾಲು ಬಂದದ್ದು ಆಮೇಲೆ. 2000ದಲ್ಲಿ ಸಿಡ್ನಿ ಒಲಿಂಪಿಕ್ಸಿಗೆ ಟ್ರಯಾಥ್ಲಾನ್ ಸೇರಿತು, 2006ರಲ್ಲಿ ದೋಹಾದ ಏಷ್ಯನ್ ಗೇಮ್ಸಿಗೂ ಬಂತು.

ಓವಾಹುವಿನಲ್ಲಿ ಮೂರು ತುಂಡುಗಳೂ ಮೊದಲೇ ಇದ್ದವು, ಹೊಲಿಯುವುದಷ್ಟೇ ಬಾಕಿ ಇತ್ತು. ಮುಂಬಯಿಯಲ್ಲೂ ಆ ತುಂಡುಗಳು ಇಲ್ಲದಿರಲಿಲ್ಲ.

ಈಜನ್ನೇ ತೆಗೆದುಕೊಳ್ಳಿ. ರಾಯಗಡ ಜಿಲ್ಲೆಯ ಧರಮ್‌ತರ್‌ನಿಂದ ಗೇಟ್‌ವೇ ಆಫ್ ಇಂಡಿಯಾವರೆಗೆ ಸುಮಾರು 36 ಕಿ.ಮೀ. ನೀರಿದೆ. ದೂರದ ಈಜನ್ನು ಮನಸ್ಸಿಗೆ ಹಚ್ಚಿಕೊಂಡವರಿಗೆ ಇದು ಒಂದು ದೊಡ್ಡ ಪರೀಕ್ಷೆ. ಭರತ ಇಳಿತಗಳ ಲೆಕ್ಕ ಹಾಕಿ ಹೊರಡುವ ಗಳಿಗೆ ಗೊತ್ತುಮಾಡುತ್ತಾರೆ, ಪಕ್ಕದಲ್ಲಿ ದೋಣಿ ಇರುತ್ತದೆ. ಮಳೆಗಾಲದಲ್ಲಿ ಮಾತ್ರ ಈ ಕಡಲನ್ನು ಯಾರೂ ಕೆಣಕುವುದಿಲ್ಲ. ಎಲಿಫೆಂಟಾದಿಂದ, ಬಂದರಿನ ಸಂಕ್ ರಾಕ್ ದೀಪಸ್ತಂಭದಿಂದ ಗೇಟ್‌ವೇಗೆ ಈಜುವ ಚಿಕ್ಕ ದಾರಿಗಳೂ ಇವೆ. ಕಿವಿ ಕೇಳದ, ಕಣ್ಣು ಮಂದವಾಗಿದ್ದ ಮುಂಬಯಿಯ ತಾರಾನಾಥ ಶೆಣೈ ಇಂಗ್ಲಿಷ್ ಕಾಲುವೆಯನ್ನು ಒಂದಲ್ಲ, ಹಲವು ಸಲ ಈಜಿ ದಾಟಿದವರು. ಅವರಿಗೆ ಪದ್ಮಶ್ರೀ ಬಂತು. 2021ರ ಫೆಬ್ರವರಿ 17ರಂದು ಆಟಿಸಂ ಇರುವ 12 ವರ್ಷದ ಜಿಯಾ ರಾಯ್ ಬಾಂದ್ರಾ-ವರ್ಲಿ ಸೀ ಲಿಂಕ್‌ನಿಂದ ಗೇಟ್‌ವೇವರೆಗಿನ 36 ಕಿ.ಮೀ. ದೂರವನ್ನು 8 ಗಂಟೆ 40 ನಿಮಿಷದಲ್ಲಿ ಈಜಿದಳು.

ಸೈಕಲ್ಲಿಗೆ ಮುಂಬಯಿ-ಪುಣೆ ರೇಸು ಇತ್ತು. ಖೋಪೋಲಿಯಿಂದ ಲೋಣಾವಳಕ್ಕೆ ಏರುವ ಬೋರ್ ಘಾಟಿನಲ್ಲಿ ಎಲ್ಲರಿಗಿಂತ ಮೊದಲು ಮೇಲೆ ತಲುಪಿದವನಿಗೆ ‘ಘಾಟಿನ ರಾಜ’ ಎಂಬ ಬಿರುದು. ಓಟಕ್ಕೆ 2004ರಿಂದ ಮುಂಬಯಿ ಮ್ಯಾರಥಾನ್ ಬಂತು. ಜನವರಿಯ ಒಂದು ಭಾನುವಾರ ಬೆಳಗಿನ ಜಾವ ಸಿಎಸ್‌ಎಂಟಿ ಎದುರು ಸೇರುವ ಜನಜಂಗುಳಿ ನೋಡಿದವರು ಈ ಊರಿಗೆ ಓಟ ಬೇಡ ಎಂದು ಹೇಳಲಾರರು.

ಮೂರನ್ನೂ ಸೇರಿಸುವ ಆಸೆ ಹವ್ಯಾಸಿಗಳಲ್ಲಿ ಹಬ್ಬಿದ್ದಕ್ಕೆ ಒಬ್ಬ ಪರಿಚಿತ ಮುಖವೂ ಕಾರಣ. ಮುಂಬಯಿಯಲ್ಲಿ ಬೆಳೆದ, ಒಂದು ಕಾಲಕ್ಕೆ ರಾಷ್ಟ್ರಮಟ್ಟದ ಈಜು ಚಾಂಪಿಯನ್ ಆಗಿದ್ದ, ಆಮೇಲೆ ರೂಪದರ್ಶಿಯಾಗಿ ಮನೆಮಾತಾದ ಮಿಲಿಂದ್ ಸೋಮನ್ 2015ರ ಜುಲೈನಲ್ಲಿ, ಐವತ್ತು ತುಂಬುವ ಕೆಲವೇ ತಿಂಗಳು ಮೊದಲು, ಜ್ಯೂರಿಕ್‌ನ ಐರನ್‌ಮ್ಯಾನ್ ಅನ್ನು 15 ಗಂಟೆ 19 ನಿಮಿಷದಲ್ಲಿ ಮುಗಿಸಿದರು. ಆಫೀಸಿಗೆ ಲೋಕಲ್ ರೈಲಿನಲ್ಲಿ ಓಡಾಡುವ ನಡುವಯಸ್ಸಿನವರಿಗೆ ಆ ಸುದ್ದಿ ಬೇರೆಯಾಗಿಯೇ ಕೇಳಿಸಿತು. ಗೆಲ್ಲುವುದು ಮುಖ್ಯವಲ್ಲ, ಗಡುವಿನೊಳಗೆ ಮುಗಿಸಿದರೆ ಸಾಕು ಎಂಬ ಲೆಕ್ಕ ಅವರಿಗೂ ಎಟುಕುವಂಥದು. ಆದರೆ ಭಾರತಕ್ಕೆ ಐರನ್‌ಮ್ಯಾನ್ ಹೆಸರಿನ ಮೊದಲ ಸ್ಪರ್ಧೆ, ಅದೂ ಅರ್ಧ ದೂರದ್ದು, ಬಂದಾಗ 2019ರ ಅಕ್ಟೋಬರ್‌ನಲ್ಲಿ ನಡೆದದ್ದು ಗೋವಾದಲ್ಲಿ. ಮುಂಬಯಿಯವರು ಸೈಕಲ್ಲಿನ ಗಾಲಿ ಬಿಚ್ಚಿ ಪೆಟ್ಟಿಗೆಗೆ ತುಂಬಿ ಪಣಜಿಗೆ ಹೋಗಬೇಕಾಯಿತು.

ಈಗ ದ್ವೀಪದ ಮಾತು. ಸಂಸ್ಕೃತದ ‘ದ್ವೀಪ’ದಲ್ಲಿ ಎರಡು ಕಡೆ ನೀರು ಎಂಬ ಅರ್ಥವಿದೆ. ಕನ್ನಡದ ‘ನಡುಗಡ್ಡೆ’ಗೆ ನೀರಿನ ಚಿಂತೆಯಿಲ್ಲ, ನಡುವಿನ ನೆಲದ ಮೇಲೇ ಅದರ ಕಣ್ಣು. ಮುಂಬಯಿಯ ಚರಿತ್ರೆ ಈ ಮೊದಲ ಪದದಿಂದ ಎರಡನೆಯದಕ್ಕೆ ನಡೆದು ಬಂದ ಚರಿತ್ರೆ. ಕೊಲಾಬಾ, ಚಿಕ್ಕ ಕೊಲಾಬಾ, ಬೊಂಬಾಯಿ, ಮಝಗಾಂವ್, ವರ್ಲಿ, ಪರೇಲ್, ಮಾಹಿಮ್ ಎಂಬ ಏಳು ದ್ವೀಪಗಳ ನಡುವಿನ ನೀರನ್ನು ಎರಡು ಶತಮಾನ ತುಂಬುತ್ತಲೇ ಹೋದರು. ಗವರ್ನರ್ ಹಾರ್ನ್‌ಬಿಯ ಕಟ್ಟೆ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ವರ್ಲಿಯ ಕಡೆಯ ಉಬ್ಬರವನ್ನು ತಡೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಬ್ಯಾಕ್ ಬೇ ತುಂಬಿ ಮರೈನ್ ಡ್ರೈವ್ ಬಂತು. ಇಂದು ಅಲ್ಲಿ ಸಾವಿರಾರು ಜನ ಸಮುದ್ರ ನೋಡುತ್ತಾರೆ, ಆದರೆ ನಡುವೆ ಕಾಂಕ್ರೀಟಿನ ನಾಲ್ಕು ಕಾಲಿನ ಬಂಡೆಗಳ ರಾಶಿ. ಸಮುದ್ರಕ್ಕೆ ಇಳಿಯುವ ಕಡೆ, ಊರಿನ ಕೊಳಚೆ ನೀರು ಸೇರಿ ಈಜುವ ಮನಸ್ಸು ಬಾರದ ಹಾಗಾಗಿದೆ.

ನೀರು ಯಾರಿಗೆ ಸೇರಿದ್ದು ಎಂಬ ಪ್ರಶ್ನೆ ಈ ಊರಿಗೆ ಹೊಸದಲ್ಲ. ಸಮುದ್ರಕ್ಕೆ ಅಂಟಿಕೊಂಡ ಬ್ರೀಚ್ ಕ್ಯಾಂಡಿಯ ಈಜುಕೊಳ ಅವಿಭಜಿತ ಭಾರತದ ನಕ್ಷೆಯ ಆಕಾರದಲ್ಲಿದೆ. ಆ ನಕ್ಷೆಯ ಆಕಾರದ ನೀರಿನಲ್ಲಿ ಈಜುವ ಹಕ್ಕು ಯುರೋಪಿಯನ್ನರಿಗೆ ಮಾತ್ರ ಇತ್ತು. ಸ್ವಾತಂತ್ರ್ಯ ಬಂದ ಮೇಲೂ ಕೆಲವು ವರ್ಷ ಆ ನಿಯಮ ನಡೆಯಿತು.

ರಸ್ತೆಯ ಕತೆ ಇದಕ್ಕಿಂತ ಕುತೂಹಲದ್ದು. ಮಾಹಿಮಿನಿಂದ ಬಾಂದ್ರಾಕ್ಕೆ ಮೊದಲು ದೋಣಿಯಲ್ಲೇ ದಾಟಬೇಕಿತ್ತು, ದೋಣಿ ಮಗುಚಿ ಜನ ಸಾಯುತ್ತಿದ್ದರು. ಸೇತುವೆಗೆ ಸರಕಾರದ ಬಳಿ ಹಣವಿರಲಿಲ್ಲ. ಜಮ್ಶೆಡ್‌ಜಿ ಜೀಜಿಭಾಯ್ ಅವರ ಪತ್ನಿ ಅವಾಬಾಯಿ 1,57,000 ರೂಪಾಯಿ ಕೊಟ್ಟರು. ದಾಟುವವರಿಂದ ಸುಂಕ ತೆಗೆದುಕೊಳ್ಳಬಾರದು ಎಂಬುದು ಅವರ ಷರತ್ತು. 1845ರಲ್ಲಿ ಮಾಹಿಮ್ ಕಾಸ್‌ವೇ ತೆರೆಯಿತು.

ಅದೇ ಮಾಹಿಮ್ ಕೊಲ್ಲಿಯ ಮೇಲೆ 2009ರ ಜೂನ್ 30ರಂದು ಬಾಂದ್ರಾ-ವರ್ಲಿ ಸೀ ಲಿಂಕ್ ತೆರೆಯಿತು. ಅದಕ್ಕೆ ಟೋಲ್ ಉಂಟು, ಸೈಕಲ್ಲಿಗೂ ನಡೆಯುವವರಿಗೂ ಪ್ರವೇಶ ಇಲ್ಲ. 2024ರ ಜನವರಿಯಲ್ಲಿ ತೆರೆದ 21.8 ಕಿ.ಮೀ. ಉದ್ದದ ಅಟಲ್ ಸೇತುವಿಗೂ, ಅದೇ ವರ್ಷ ಮಾರ್ಚಿನಲ್ಲಿ ಭಾಗಶಃ ತೆರೆದ ಕೋಸ್ಟಲ್ ರೋಡಿನ ವಾಹನ ಪಥಕ್ಕೂ ಇದೇ ನಿಯಮ. ವೇಗದ ಕಾರುಗಳ ನಡುವೆ ಸೈಕಲ್ ಬಿಡುವುದು ಅಪಾಯ ಎಂಬ ಮಾತು ಸುಳ್ಳಲ್ಲ. ಆದರೆ ಆ ಕಾರಣಕ್ಕೆ ಹೊರಗಿಟ್ಟ ಸೈಕಲ್ಲು ಹೋಗುವುದು ಇನ್ನೂ ಇಕ್ಕಟ್ಟಾದ ಹಳೆಯ ರಸ್ತೆಗಳಿಗೆ. 2024ರ ಫೆಬ್ರವರಿ 28ರ ಬೆಳಿಗ್ಗೆ ನವಿ ಮುಂಬಯಿಯ ಪಾಮ್ ಬೀಚ್ ರಸ್ತೆಯಲ್ಲಿ ಕ್ಯಾಬ್ ಒಂದು ಬಡಿದು ಸೈಕಲ್ ಸವಾರರೊಬ್ಬರು ತೀರಿಕೊಂಡರು. ಅವರು ಇಂಟೆಲ್‌ನ ಪೆಂಟಿಯಮ್ ಪ್ರೊಸೆಸರಿನ ವಿನ್ಯಾಸದಲ್ಲಿ ಮುಖ್ಯ ಪಾತ್ರ ವಹಿಸಿದ್ದ, 68 ವರ್ಷದ ಅವತಾರ್ ಸೈನಿ. ಹೆಸರು ದೊಡ್ಡದಾದ್ದರಿಂದ ದೇಶಕ್ಕೆಲ್ಲ ಸುದ್ದಿಯಾಯಿತು.

ಪ್ರತ್ಯೇಕ ಪಥ ಮಾಡಲು ಹೊರಟಾಗಲೂ ದಾರಿ ಸುಲಭವಾಗಲಿಲ್ಲ. ಪೊವಾಯಿ ಕೆರೆಯ ಸುತ್ತ ಮಹಾನಗರಪಾಲಿಕೆ ಸೈಕಲ್ ಪಥ ಕಟ್ಟಲು ತೊಡಗಿತು. 2022ರ ಮೇ ತಿಂಗಳಲ್ಲಿ ಬಾಂಬೆ ಹೈಕೋರ್ಟು ಆ ಕಾಮಗಾರಿ ಕಾನೂನುಬಾಹಿರ ಎಂದು ಹೇಳಿ, ಕೆರೆಯ ಅಂಚನ್ನು ಮೊದಲಿನಂತೆ ಮಾಡಿಕೊಡಲು ಆದೇಶಿಸಿತು. ಕೆರೆಯ ಪರವಾಗಿ ನಿಂತವರ ವಾದ ಸರಿಯಾಗಿಯೇ ಇತ್ತು. ಸೈಕಲ್ಲಿಗೆ ಜಾಗ ಬೇಕೆಂದಾಗ ಈ ಊರು ಕಾರಿನ ರಸ್ತೆಯಿಂದ ಒಂದು ಅಡಿ ಕೊಡುವ ಬದಲು ಕೆರೆಯಿಂದ ತೆಗೆಯಲು ಹೋಯಿತು.

ಇನ್ನೊಂದು ದ್ವೀಪ ಬೇರೆ ದಾರಿ ಹಿಡಿದಿತ್ತು. ಅಟ್ಲಾಂಟಿಕ್‌ನ ಬರ್ಮುಡಾ ಸುಮಾರು 53 ಚದರ ಕಿ.ಮೀ., ಜನ ಅರವತ್ತು ಸಾವಿರದ ಆಸುಪಾಸು. ಬೃಹನ್ಮುಂಬಯಿ 603 ಚದರ ಕಿ.ಮೀ., 2011ರ ಜನಗಣತಿಯಂತೆ 1.24 ಕೋಟಿ ಜನ. ಬರ್ಮುಡಾ 1908ರಲ್ಲಿ ಮೋಟಾರು ಕಾರನ್ನೇ ನಿಷೇಧಿಸಿತು, 1946ರವರೆಗೆ ಆ ನಿಷೇಧ ನಡೆಯಿತು. ಆಮೇಲೂ ಮನೆಗೊಂದೇ ಕಾರು, ವೇಗದ ಮಿತಿ ಗಂಟೆಗೆ 35 ಕಿ.ಮೀ. ಅಂಥ ರಸ್ತೆಗಳಿದ್ದ ದ್ವೀಪದಲ್ಲಿ ಏಳೆಂಟು ವರ್ಷದವಳಿದ್ದಾಗಲೇ ಫ್ಲೋರಾ ಡಫಿ ಮಕ್ಕಳ ಟ್ರಯಾಥ್ಲಾನಿನಲ್ಲಿ ಓಡಲು ಶುರುಮಾಡಿದಳು. 2008ರ ಬೀಜಿಂಗ್‌ನಲ್ಲಿ ಸ್ಪರ್ಧೆ ಮುಗಿಸಲಾಗದೆ ಕೆಲಕಾಲ ಆಟವನ್ನೇ ಬಿಟ್ಟು ಓದಲು ಹೋದಳು, ಮತ್ತೆ ಮರಳಿದಳು. 2021ರ ಜುಲೈ 27ರಂದು ಟೋಕಿಯೋದಲ್ಲಿ 1 ಗಂಟೆ 55 ನಿಮಿಷ 36 ಸೆಕೆಂಡಿನಲ್ಲಿ ಗೆದ್ದು, ಬರ್ಮುಡಾಕ್ಕೆ ಅದರ ಮೊದಲ ಒಲಿಂಪಿಕ್ ಚಿನ್ನ ತಂದಳು. ಬೇಸಿಗೆ ಒಲಿಂಪಿಕ್ಸಿನಲ್ಲಿ ಅಷ್ಟು ಕಡಿಮೆ ಜನರಿರುವ ನಾಡು ಚಿನ್ನ ಗೆದ್ದದ್ದು ಅದೇ ಮೊದಲು.

ಕಾರಿನ ಕಾನೂನಿನಿಂದಲೇ ಚಿನ್ನ ಬಂತು ಎನ್ನುವುದು ತಪ್ಪು. ದೊಡ್ಡವಳಾದ ಮೇಲೆ ಡಫಿ ಅಭ್ಯಾಸ ಮಾಡಿದ್ದು ಹೆಚ್ಚಾಗಿ ಅಮೆರಿಕದ ಬೋಲ್ಡರ್‌ನಲ್ಲಿ, ದಕ್ಷಿಣ ಆಫ್ರಿಕದಲ್ಲಿ. ಉತ್ತಮ ದರ್ಜೆಯ ಆಟಗಾರರು ದುಡ್ಡು, ತರಬೇತುದಾರ, ಒಳ್ಳೆಯ ಗಾಳಿ ಹುಡುಕಿಕೊಂಡು ಎಲ್ಲಿಗಾದರೂ ಹೋಗಬಲ್ಲರು. ಹೋಗಲಾಗದವರು ಹವ್ಯಾಸಿಗಳು ಮತ್ತು ಮಕ್ಕಳು. ಅವರಿಗೆ ಮನೆಯ ಮುಂದಿನ ರಸ್ತೆ, ಹತ್ತಿರದ ನೀರು ಇವೇ ಗತಿ. ಮುಂಬಯಿಯ ಟ್ರಯಾಥ್ಲೀಟ್ ಬೆಳಗಿನ ನಾಲ್ಕೂವರೆಗೆ ಎದ್ದು ಟ್ರಾಫಿಕ್ ಶುರುವಾಗುವ ಮೊದಲು ಸೈಕಲ್ ಮುಗಿಸಿಕೊಳ್ಳುವುದು, ಶಿವಾಜಿ ಪಾರ್ಕಿನ ಪಾಲಿಕೆಯ ಈಜುಕೊಳದಲ್ಲೋ ಇನ್ನೊಂದರಲ್ಲೋ ಪಾಳಿ ಕಾದು ಈಜುವುದು ಇದೇ ಕಾರಣಕ್ಕೆ.

ಮ್ಯಾರಥಾನ್ ನಡೆಯುವ ಜನವರಿಯ ಆ ಒಂದು ಭಾನುವಾರ ಸೀ ಲಿಂಕ್ ಮೇಲೆ ಕಾರುಗಳು ನಿಂತು, ಕಾಲುಗಳು ಓಡುತ್ತವೆ. ಉಳಿದ ದಿನಗಳಲ್ಲಿ ನಗರದಿಂದ ಉಪನಗರಕ್ಕೆ ಹೋಗುವ ಸೈಕಲ್ ಹಿಡಿಯುವ ದಾರಿಗಳಲ್ಲಿ ಅವಾಬಾಯಿಯ ಕಾಸ್‌ವೇಯೂ ಒಂದು. ಬೆಳಗಿನ ಐದಕ್ಕೆ ಅಲ್ಲಿ ಲಕ್ಷಾಂತರ ರೂಪಾಯಿಯ ಕಾರ್ಬನ್ ಸೈಕಲ್ಲಿನ ಪಕ್ಕದಲ್ಲೇ, ಹ್ಯಾಂಡಲಿಗೆ ಚೀಲ ತೂಗುಹಾಕಿದ ಪಾವ್ ಮಾರುವವನ ಕಪ್ಪು ಸೈಕಲ್ಲು ಹೋಗುತ್ತದೆ. ಇಬ್ಬರಿಂದಲೂ ಸುಂಕ ಕೇಳುವವರಿಲ್ಲ.