ಸಿಮೆಂಟ್ ಚೀಲದ ಮೂರು ಜನ್ಮ: ಪರ್ಮಿಟ್, ಪೇಟೆ, ಕಾರ್ಟೆಲ್

ಇವತ್ತಿನ ಸಂಚಿಕೆ 50 ಕೆ.ಜಿ.ಯ ಒಂದು ಸಿಮೆಂಟ್ ಚೀಲದ ಬಗ್ಗೆ. ಅಯ್ಯೋ ಬೋರು ಅಂತ ಸ್ಕಿಪ್ ಮಾಡಬೇಡಿ. ಇದರೊಳಗೆ ಒಬ್ಬ ಮುಖ್ಯಮಂತ್ರಿ ಕುರ್ಚಿ ಕಳೆದುಕೊಂಡ ಕಥೆ ಇದೆ, 6,300 ಕೋಟಿ ರೂಪಾಯಿ ದಂಡದ ಕಥೆಯೂ ಇದೆ.

1991ರಲ್ಲಿ ಉದಾರೀಕರಣ ಬಂತು, ಲೈಸೆನ್ಸ್ ರಾಜ್ ಹೋಯ್ತು, ಪೈಪೋಟಿ ಶುರುವಾಯ್ತು. ಸ್ಕೂಲಲ್ಲಿ ಇದನ್ನ ಒಂದೇ ಉಸಿರಲ್ಲಿ ಓದಿರ್ತೀವಿ, ಸ್ವಿಚ್ ಒತ್ತಿದ ಹಾಗೆ. ನನ್ನ ತಕರಾರು ಈ ಸಾಲಿನ ಕೊನೆಯ ಭಾಗದ ಬಗ್ಗೆ. ನಿಯಂತ್ರಣ ಹೋಗಿದ್ದೇನೋ ನಿಜ. ಪೈಪೋಟಿ ತಾನಾಗೇ ಬಂತಾ?

ಮೊದಲು ಪರ್ಮಿಟ್ ಕಾಲಕ್ಕೆ ಹೋಗೋಣ. ಸ್ವಾತಂತ್ರ್ಯ ಬಂದ ಮೇಲೂ ದಶಕಗಟ್ಟಲೆ ಸಿಮೆಂಟಿನ ಬೆಲೆ ನಿಗದಿ ಮಾಡುತ್ತಿದ್ದುದು ಸರ್ಕಾರ. ಯಾರಿಗೆ ಎಷ್ಟು ಚೀಲ ಅನ್ನುವುದೂ ಸರ್ಕಾರದ್ದೇ ಲೆಕ್ಕ. ನಮ್ಮ ತಾತ 1970ರ ದಶಕದಲ್ಲಿ ಮನೆ ಕಟ್ಟಿಸುವಾಗ ಪರ್ಮಿಟ್‌ಗಾಗಿ ಕಚೇರಿಗೆ ಅಲೆದೂ ಅಲೆದೂ ಚಪ್ಪಲಿ ಸವೆಸಿದ್ದರಂತೆ. ಗೋಡೆಗೆಲ್ಲ ಸುಣ್ಣದ ಗಾರೆ, ಸಿಕ್ಕಿದ ಸಿಮೆಂಟು ತಾರಸಿಗೆ ಮಾತ್ರ. ಚೀಲಗಳನ್ನು ಅಕ್ಕಿ ಮೂಟೆಯ ಪಕ್ಕ, ನಡುಮನೆಯಲ್ಲೇ ಇಟ್ಟುಕೊಂಡಿದ್ದರಂತೆ. ಪರ್ಮಿಟ್ ಸಿಗದವರಿಗೆ ಕಾಳಸಂತೆ ಇದ್ದೇ ಇತ್ತು.

ಬೆಲೆಯನ್ನು ಕೃತಕವಾಗಿ ಕೆಳಗಿಟ್ಟರೆ ಹೊಸ ಕಾರ್ಖಾನೆಗೆ ದುಡ್ಡು ಹಾಕೋರು ಯಾರು? ಹಾಕ್ತೀನಿ ಅಂದರೂ ಲೈಸೆನ್ಸ್ ಬೇಕು. ನೀವು ದೊಡ್ಡ ಉದ್ಯಮ ಸಮೂಹವಾದರೆ ಅದರ ಮೇಲೆ ಇನ್ನೊಂದು ಗೇಟು: ಎಂಆರ್‌ಟಿಪಿ, ಅಂದ್ರೆ ಏಕಸ್ವಾಮ್ಯ ಮತ್ತು ನಿರ್ಬಂಧಿತ ವ್ಯಾಪಾರ ಪದ್ಧತಿಗಳ ಕಾಯ್ದೆ. 1969ರಲ್ಲಿ ಪಾಸಾಗಿ 1970ರ ಜೂನ್ 1ರಿಂದ ಜಾರಿಗೆ ಬಂತು. ಸಮೂಹದ ಒಟ್ಟು ಆಸ್ತಿ 20 ಕೋಟಿ ದಾಟಿದರೆ, ವಿಸ್ತರಣೆಗೂ ಹೊಸ ಘಟಕಕ್ಕೂ ಕೇಂದ್ರದ ವಿಶೇಷ ಅನುಮತಿ ಬೇಕಿತ್ತು. 1985ರಲ್ಲಿ ಆ ಮಿತಿ 100 ಕೋಟಿಗೆ ಏರಿತು.

ಆ ಕಾಯ್ದೆಯ ಉದ್ದೇಶ ಕೆಟ್ಟದ್ದು ಅಂತ ನಾನು ಹೇಳಲ್ಲ. ಸಂಪತ್ತೆಲ್ಲ ಕೆಲವೇ ಮನೆತನಗಳ ಕೈಗೆ ಸೇರ್ತಿದೆ ಅಂತ 1965ರಲ್ಲೇ ಏಕಸ್ವಾಮ್ಯ ವಿಚಾರಣಾ ಆಯೋಗ ವರದಿ ಕೊಟ್ಟಿತ್ತು. ಆದರೆ ಕಾಯ್ದೆಯ ಕಣ್ಣಿದ್ದದ್ದು ಮುಖ್ಯವಾಗಿ ಗಾತ್ರದ ಮೇಲೆ. ಹತ್ತು ಕಂಪನಿಯವರು ಒಂದು ರೂಮಿನಲ್ಲಿ ಕೂತು ‘ಸೋಮವಾರದಿಂದ ಚೀಲಕ್ಕೆ ಇಷ್ಟು’ ಅಂತ ಮಾತಾಡಿಕೊಳ್ಳುವುದಕ್ಕೆ ಕಾರ್ಟೆಲ್ ಅಂತಾರಲ್ಲ, ಆ ಪದಕ್ಕೆ ಅದರಲ್ಲಿ ವ್ಯಾಖ್ಯಾನವೇ ಇರಲಿಲ್ಲ. ಈ ಅಂಶ ನೆನಪಿರಲಿ, ಮುಂದೆ ಬೇಕಾಗುತ್ತೆ.

ಈಗ ಮುಖ್ಯಮಂತ್ರಿ ಕಥೆ. ಮಹಾರಾಷ್ಟ್ರದ ಎ.ಆರ್. ಅಂತುಳೆ. ಅವರು ಕಟ್ಟಿದ ಟ್ರಸ್ಟ್‌ಗೆ ದೇಣಿಗೆ ಕೊಟ್ಟ ಬಿಲ್ಡರ್‌ಗಳಿಗೆ ಸಿಮೆಂಟ್ ಕೋಟಾ ಸಿಗ್ತಿತ್ತು ಅಂತ 1981ರಲ್ಲಿ ‘ಇಂಡಿಯನ್ ಎಕ್ಸ್‌ಪ್ರೆಸ್’ನಲ್ಲಿ ಅರುಣ್ ಶೌರಿ ಬರೆದರು. 1982ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ತೀರ್ಪು ಅಂತುಳೆ ವಿರುದ್ಧ ಬಂತು, ಅವರು ರಾಜೀನಾಮೆ ಕೊಟ್ಟರು. (ಆಮೇಲಿನ ಕ್ರಿಮಿನಲ್ ಕೇಸು ವರ್ಷಗಟ್ಟಲೆ ಎಳೆದಾಡಿತು. ಅದೇ ಒಂದು ಬೇರೆ ಸಂಚಿಕೆ ಆಗುತ್ತೆ.) ಸಿಮೆಂಟಿಗೆ ಅಷ್ಟು ಬೆಲೆ ಇತ್ತು ಅನ್ನೋದಕ್ಕಿಂತ, ಪರ್ಮಿಟ್ಟಿಗೆ ಅಷ್ಟು ಬೆಲೆ ಇತ್ತು ಅನ್ನಿ.

ಮರುತಿಂಗಳೇ, ಫೆಬ್ರುವರಿ ಕೊನೆಗೆ, ಕೇಂದ್ರ ಸರ್ಕಾರ ಅರ್ಧ ಬಾಗಿಲು ತೆರೆಯಿತು. ಹಳೆಯ ಕಾರ್ಖಾನೆಗಳು ಮೂರರಲ್ಲಿ ಎರಡು ಪಾಲನ್ನು ಲೆವಿಯಾಗಿ ಸರ್ಕಾರದ ದರಕ್ಕೆ ಕೊಡಬೇಕು, ಉಳಿದದ್ದನ್ನು ಪೇಟೆ ದರಕ್ಕೆ ಮಾರಬಹುದು. 1989ರ ಮಾರ್ಚ್ 1ಕ್ಕೆ ಪೂರ್ತಿ ಬಾಗಿಲೇ ತೆರೆಯಿತು. ಗಮನಿಸಿ, 1991ಕ್ಕೂ ಮುಂಚೆ. ಫಲ ಕಣ್ಣಿಗೆ ಕಾಣುವಂತಿತ್ತು: ಹತ್ತೇ ವರ್ಷದೊಳಗೆ ಉತ್ಪಾದನೆ ದುಪ್ಪಟ್ಟಿಗೂ ಜಾಸ್ತಿ ಆಯ್ತು. ಪರ್ಮಿಟ್‌ಗೆ ಅಲೆಯೋ ಕಾಲ ಮುಗೀತು. ಈ ಸುಧಾರಣೆಯನ್ನ ಬೈಯೋರು ಒಮ್ಮೆ ಆ ಕಾಲದ ಮನೆ ಕಟ್ಟಿದವರನ್ನ ಮಾತಾಡಿಸಬೇಕು.

1991ರಲ್ಲಿ ಸಿಮೆಂಟ್‌ಗೆ ಲೈಸೆನ್ಸ್ ಹೋಯ್ತು, ಎಂಆರ್‌ಟಿಪಿಯ ‘ಬೆಳೆಯೋಕೆ ಅನುಮತಿ’ ಅನ್ನುವ ಭಾಗವೂ ಹೋಯ್ತು. ಆಟಗಾರರನ್ನು ಮೈದಾನಕ್ಕೆ ಬಿಟ್ಟಾಯ್ತು. ಅಂಪೈರ್ ಎಲ್ಲಿ?

ರಾಘವನ್ ಸಮಿತಿ ನೇಮಕ ಆಗಿದ್ದು 1999ರಲ್ಲಿ. ಸ್ಪರ್ಧಾ ಕಾಯ್ದೆ ಬಂದದ್ದು 2002ರಲ್ಲಿ. ಆಮೇಲೆ ಶುರುವಾಯ್ತು ಜಗಳ: ಈ ಆಯೋಗ ಕೋರ್ಟ್ ಥರ ಕೆಲಸ ಮಾಡೋದಾದರೆ ಅದರ ಮುಖ್ಯಸ್ಥರು ನ್ಯಾಯಾಧೀಶರಾಗಬೇಕಾ, ಅಧಿಕಾರಿಯಾದರೆ ಸಾಕಾ? ವಿಷಯ ಸುಪ್ರೀಂ ಕೋರ್ಟ್‌ಗೆ ಹೋಯ್ತು, 2007ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯ್ತು. ಕಾರ್ಟೆಲ್ ವಿರುದ್ಧದ ಸೆಕ್ಷನ್ ನಿಜವಾಗಿ ಜಾರಿಗೆ ಬಂದಾಗ ದಿನಾಂಕ 2009ರ ಮೇ 20. ಅಂದ್ರೆ 18 ವರ್ಷ ತಡ. 1991ರಲ್ಲಿ ಹುಟ್ಟಿದ ಮಗು ಅಷ್ಟರಲ್ಲಿ ವೋಟ್ ಹಾಕೋ ವಯಸ್ಸಿಗೆ ಬಂದಿತ್ತು.

ನಡುವೆ ಹಳೆಯ ಎಂಆರ್‌ಟಿಪಿ ಆಯೋಗ ಸುಮ್ಮನೆ ಕೂತಿರಲಿಲ್ಲ. ಸಿಮೆಂಟ್ ಕಂಪನಿಗಳ ಒಳಒಪ್ಪಂದದ ಬಗ್ಗೆ 1990ರ ಒಂದು ಕೇಸು ಅದರ ಮುಂದಿತ್ತು. ತೀರ್ಪು ಬಂದದ್ದು 2007ರ ಡಿಸೆಂಬರ್‌ನಲ್ಲಿ. 17 ವರ್ಷದ ನಂತರದ ಆದೇಶ ಏನಪ್ಪಾ ಅಂದ್ರೆ: ಇನ್ನು ಮುಂದೆ ಹೀಗೆ ಮಾಡಬೇಡಿ. ದಂಡ ಇಲ್ಲ.

ಸಿಮೆಂಟೇ ಯಾಕೆ ಪದೇ ಪದೇ ಸಿಕ್ಕಿಬೀಳುತ್ತೆ? ನಮ್ಮ ಕಲಬುರಗಿ ಕಡೆ ಹೋದವರಿಗೆ ಇದು ಬೇಗ ಅರ್ಥ ಆಗುತ್ತೆ. ವಾಡಿ, ಸೇಡಂ, ಮಳಖೇಡ... ಸುಣ್ಣದ ಕಲ್ಲು ಎಲ್ಲಿದೆಯೋ ಕಾರ್ಖಾನೆ ಅಲ್ಲೇ. ಸಿಮೆಂಟು ಭಾರ ಜಾಸ್ತಿ, ಬೆಲೆ ಕಡಿಮೆ ಇರೋ ಸರಕು. ದೂರ ಸಾಗಿಸಿದರೆ ಲಾರಿ ಬಾಡಿಗೆಯೇ ಲಾಭ ತಿನ್ನುತ್ತೆ. ಹಾಗಾಗಿ ಒಂದೊಂದು ಪ್ರದೇಶಕ್ಕೂ ಕೆಲವೇ ಮಾರಾಟಗಾರರು. ಬ್ರ್ಯಾಂಡ್ ಬೇರೆ ಇದ್ದರೂ ಒಳಗಿನ ಪುಡಿ ಹೆಚ್ಚುಕಡಿಮೆ ಒಂದೇ, ಪೈಪೋಟಿ ಅಂತ ಇದ್ದರೆ ಅದು ಬೆಲೆಯಲ್ಲೇ ಆಗಬೇಕು. ನಾಲ್ಕೈದು ಜನ ಮಾತಾಡಿಕೊಂಡರೆ ಮುಗೀತು.

2010ರಲ್ಲಿ ಬಿಲ್ಡರ್‌ಗಳ ಸಂಘ ಹೊಸ ಸ್ಪರ್ಧಾ ಆಯೋಗಕ್ಕೆ, ಅಂದ್ರೆ ಸಿಸಿಐಗೆ, ದೂರು ಕೊಟ್ಟಿತು. 2012ರ ಜೂನ್‌ನಲ್ಲಿ ಆದೇಶ ಬಂತು: 11 ಕಂಪನಿಗಳಿಗೆ ಒಟ್ಟು ಸುಮಾರು 6,300 ಕೋಟಿ ದಂಡ. ಎರಡು ವರ್ಷದ ಲಾಭದ ಅರ್ಧ! ಉತ್ಪಾದನಾ ಸಾಮರ್ಥ್ಯದ ಬಳಕೆ ಒಂದೇ ವರ್ಷದಲ್ಲಿ ಶೇ 83ರಿಂದ ಶೇ 73ಕ್ಕೆ ಇಳಿದಿದೆ, ಸಂಘದ ಸಭೆಗಳಾದ ಬೆನ್ನಿಗೇ 2011ರಲ್ಲಿ ಬೆಲೆ ಏರಿದೆ ಅಂತ ಆಯೋಗ ತೋರಿಸಿತು. ಕಂಪನಿಗಳು ಒಪ್ಪಲಿಲ್ಲ. ಕಲ್ಲಿದ್ದಲು, ಸಾಗಣೆ ಖರ್ಚು ಎಲ್ಲರಿಗೂ ಒಂದೇ, ಬೆಲೆ ಒಟ್ಟಿಗೆ ಏರಿದ ಮಾತ್ರಕ್ಕೆ ಒಪ್ಪಂದ ಇದೆ ಅಂತಲ್ಲ ಅಂದರು. ಈ ವಾದವನ್ನ ಸುಮ್ಮನೆ ತಳ್ಳಿಹಾಕೋಕಾಗಲ್ಲ. ಬೆಲೆಯ ಗ್ರಾಫ್ ಒಂದನ್ನೇ ನೋಡಿದ್ದರೆ ನನಗೂ ಅನುಮಾನ ಉಳೀತಿತ್ತು.

ಆದರೆ ಈ ಕೇಸಿನಲ್ಲಿ ನನ್ನನ್ನ ಹಿಡಿದು ನಿಲ್ಲಿಸಿದ್ದು ಒಂದು ಸಣ್ಣ ವಿಷಯ. ಬೇರೆ ಬೇರೆ ಊರುಗಳ ಸಿಮೆಂಟ್ ದರವನ್ನ ಕಂಪನಿಗಳಿಂದ ಸಂಗ್ರಹ ಮಾಡ್ತಿದ್ದುದು ಉತ್ಪಾದಕರ ಸಂಘ. ಯಾಕೆ ಅಂತ ಕೇಳಿದರೆ, ಸರ್ಕಾರವೇ ಕೇಳಿದ್ದಕ್ಕೆ ಅಂತ ಉತ್ತರ. ಅದೂ ಸುಳ್ಳಲ್ಲ! ನಿಯಂತ್ರಣದ ಕಾಲದಲ್ಲಿ ಯಾರು ಎಷ್ಟು ಮಾಡ್ತಾರೆ, ಎಷ್ಟಕ್ಕೆ ಮಾರ್ತಾರೆ ಅನ್ನೋದು ಗುಟ್ಟೇ ಆಗಿರಲಿಲ್ಲ, ಎಲ್ಲರೂ ಒಂದೇ ಮೇಜಿನ ಸುತ್ತ ಕೂತು ಸರ್ಕಾರದ ಜೊತೆ ಮಾತಾಡಬೇಕಿತ್ತು. ಸರ್ಕಾರ ಎದ್ದು ಹೋಯ್ತು. ಮೇಜು, ಕುರ್ಚಿ, ಕಡತ ಅಲ್ಲೇ ಉಳೀತು.

ಇದು ನಮ್ಮೊಬ್ಬರ ಕಥೆಯಲ್ಲ. ದಕ್ಷಿಣ ಆಫ್ರಿಕಾದಲ್ಲಿ 1996ರವರೆಗೆ ಸಿಮೆಂಟ್ ಕಾರ್ಟೆಲ್ ಕಾನೂನುಬದ್ಧವಾಗೇ ಇತ್ತು. ಕಾನೂನು ಬದಲಾಯ್ತು, ಕಂಪನಿಗಳು ಉದ್ಯಮದ ಸಂಸ್ಥೆಯೊಂದರ ಮೂಲಕ ಮಾರಾಟದ ವಿವರ ಹಂಚಿಕೊಳ್ಳೋದು ನಿಲ್ಲಲಿಲ್ಲ. 2009ರಲ್ಲಿ ಅಲ್ಲಿನ ಆಯೋಗ ದಾಳಿ ಮಾಡಿತು. ಮೊದಲು ಬಂದು ತಪ್ಪೊಪ್ಪಿಕೊಂಡ ಪಿಪಿಸಿ ಕಂಪನಿಗೆ ದಂಡದಿಂದ ವಿನಾಯಿತಿ, ಆಮೇಲೆ ಆಫ್ರಿಸ್ಯಾಮ್, ಲಫಾರ್ಜ್ ದಂಡ ಕಟ್ಟಿದವು. ಪಾಕಿಸ್ತಾನದಲ್ಲೂ 2009ರಲ್ಲೇ 20 ಸಿಮೆಂಟ್ ಕಂಪನಿಗಳಿಗೆ ದಂಡ ಬಿತ್ತು, ಅದೂ ಕೋರ್ಟ್ ಮೆಟ್ಟಿಲೇರಿತು.

ನಮ್ಮ ಕೇಸಿಗೆ ವಾಪಸ್ ಬರೋಣ. ವಾದ ಕೇಳೋಕೆ ಕೂರದ ಅಧ್ಯಕ್ಷರು ಆದೇಶಕ್ಕೆ ಸಹಿ ಹಾಕಿದ್ದಾರೆ ಅನ್ನೋ ಕಾರಣಕ್ಕೆ 2015ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಇಡೀ ಆದೇಶವನ್ನೇ ರದ್ದು ಮಾಡಿತು. ಮೂರೂವರೆ ವರ್ಷದ ಕೆಲಸ ಒಂದು ಸಹಿಯಲ್ಲಿ ಹೋಯ್ತು. ಆಯೋಗ ಮತ್ತೆ ಕೇಳಿ, 2016ರ ಆಗಸ್ಟ್‌ನಲ್ಲಿ ಸುಮಾರು 6,700 ಕೋಟಿ ದಂಡ ಹಾಕಿತು. 2018ರಲ್ಲಿ ಮೇಲ್ಮನವಿ ಮಂಡಳಿ ಅದನ್ನು ಎತ್ತಿಹಿಡಿಯಿತು. ಅಲ್ಲಿಂದ ಸುಪ್ರೀಂ ಕೋರ್ಟ್. ಅದು ದಂಡದ ಶೇ 10ರಷ್ಟನ್ನು ಠೇವಣಿ ಇಡಿ ಅಂತ ಹೇಳಿ ಮೇಲ್ಮನವಿ ಅಂಗೀಕರಿಸಿತು. ಈ ನಡುವೆ ಚೀಲಕ್ಕೆ ದುಡ್ಡು ಕೊಟ್ಟವರು ಮನೆ ಕಟ್ಟಿ, ಗೃಹಪ್ರವೇಶ ಮಾಡಿ, ಸಾಲದ ಕಂತು ಕಟ್ಟುತ್ತಾ ಇದ್ದಾರೆ. ದಂಡ ಪೂರ್ತಿ ವಸೂಲಾದರೂ ಅದು ಹೋಗೋದು ಸರ್ಕಾರದ ಖಜಾನೆಗೆ.

ಆ 11 ಕಂಪನಿಗಳ ಪಟ್ಟಿಯನ್ನ ಈಗ ತೆಗೆದು ನೋಡಿ. ಗ್ರಾಸಿಮ್ ಮತ್ತು ಅಲ್ಟ್ರಾಟೆಕ್ ಆಗಲೇ ಒಂದೇ ಮನೆತನದವು. ಜೈಪ್ರಕಾಶ್‌ನ ಬಹುಪಾಲು ಘಟಕಗಳನ್ನ 2017ರಲ್ಲಿ, ಬಿನಾನಿಯನ್ನ 2018ರಲ್ಲಿ, ಸೆಂಚುರಿಯ ಸಿಮೆಂಟ್ ವ್ಯವಹಾರವನ್ನ 2019ರಲ್ಲಿ, ಇಂಡಿಯಾ ಸಿಮೆಂಟ್ಸನ್ನ 2024ರ ಡಿಸೆಂಬರ್‌ನಲ್ಲಿ ಅಲ್ಟ್ರಾಟೆಕ್ ತನ್ನದಾಗಿಸಿಕೊಂಡಿತು. ಎಸಿಸಿ, ಅಂಬುಜಾ ಎರಡೂ 2022ರಲ್ಲಿ ಅದಾನಿ ಸಮೂಹಕ್ಕೆ ಹೋದವು. ಲಫಾರ್ಜ್ ಇಂಡಿಯಾ 2016ರಲ್ಲೇ ನಿರ್ಮಾ ಪಾಲಾಯ್ತು. 11 ಇದ್ದದ್ದು ಈಗ ಐದು ಮನೆ. ಒಂದೇ ಮನೆಯವರು ಬೆಲೆ ಬಗ್ಗೆ ಮಾತಾಡಿಕೊಂಡರೆ ಅದು ಕಾರ್ಟೆಲ್ ಅಲ್ಲ, ಆಡಳಿತ ಮಂಡಳಿ ಸಭೆ. ಅಲ್ಟ್ರಾಟೆಕ್–ಇಂಡಿಯಾ ಸಿಮೆಂಟ್ಸ್, ಅದಾನಿ–ಅಂಬುಜಾ, ಈ ದೊಡ್ಡ ಖರೀದಿಗಳಿಗೆಲ್ಲ ಒಪ್ಪಿಗೆಯ ಮುದ್ರೆ ಒತ್ತಿದ್ದು ಅದೇ ಸ್ಪರ್ಧಾ ಆಯೋಗ.

ಮುಂದಿನ ಸಂಚಿಕೆ ಇದೇ ಆಯೋಗದ ಇನ್ನೊಂದು ಕೇಸಿನ ಬಗ್ಗೆ. ಆಂಡ್ರಾಯ್ಡ್ ವಿಷಯದಲ್ಲಿ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ ಹಾಕಿದ 1,337.76 ಕೋಟಿ ದಂಡ. ನಿಮ್ಮಲ್ಲಿ ಬಹಳಷ್ಟು ಜನ ಇದನ್ನ ಕೇಳ್ತಿರೋದು ಆ ಕೇಸಿನ ವಸ್ತುವಿನಲ್ಲೇ. ಸಿಗೋಣ.