ಬಾಗಿಲು ತೆರೆಯುವ ಮುನ್ನ



ಬೆಳಿಗ್ಗೆ ಆರೂವರೆಗೆ ನಿಮ್ಮ ಬೀದಿಯ ಹೋಟೆಲಿನ ಬಾಗಿಲು ತೆರೆಯುತ್ತದೆ. ಏಳು ಗಂಟೆಯೊಳಗೆ ಬಿಸಿ ಇಡ್ಲಿ ನಿಮ್ಮ ತಟ್ಟೆಗೆ ಬಂದಿರುತ್ತದೆ. ಆ ಇಡ್ಲಿಯ ಕೆಲಸ ಶುರುವಾದದ್ದು ಯಾವಾಗ? ಬೆಳಗಿನ ಜಾವ ಎಂದು ನೀವು ಹೇಳಬಹುದು. ನಾನೂ ಹಾಗೆಯೇ ತಿಳಿದಿದ್ದೆ. ಒಮ್ಮೆ ಒಂದು ಕಾರ್ಯಕ್ರಮದ ಚಿತ್ರೀಕರಣಕ್ಕಾಗಿ ಬೆಂಗಳೂರಿನ ಹಳೆಯ ಹೋಟೆಲೊಂದಕ್ಕೆ ನಾಲ್ಕು ಗಂಟೆಗೇ ಕ್ಯಾಮೆರಾ ಹೊತ್ತು ಹೋದೆವು. ಒಳಗಿದ್ದ ಹಿರಿಯ ಭಟ್ಟರು ನಕ್ಕು, "ತಡವಾಗಿ ಬಂದಿರಲ್ಲ ಸಾರ್, ಮುಖ್ಯ ಕೆಲಸ ನಿನ್ನೆಯೇ ಮುಗಿಯಿತು" ಎಂದರು.

ಅವರ ಮಾತು ನಿಜ. ಹಿಂದಿನ ಮಧ್ಯಾಹ್ನವೇ ಅಕ್ಕಿ, ಉದ್ದಿನಬೇಳೆ ನೆನೆಹಾಕಿ, ಸಂಜೆ ರುಬ್ಬಿ, ಹಿಟ್ಟನ್ನು ದೊಡ್ಡ ಪಾತ್ರೆಗಳಲ್ಲಿ ಮುಚ್ಚಿಟ್ಟಿದ್ದರು. ರಾತ್ರಿ ಎಲ್ಲರೂ ಮಲಗಿದ್ದಾಗ ಕೆಲಸ ಮಾಡಿದವರು ಬೇರೆಯೇ. ಅವರು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಲ್ಯುಕೊನಾಸ್ಟಾಕ್ ಎಂಬ ಜಾತಿಯ ಬ್ಯಾಕ್ಟೀರಿಯಾ ಧಾನ್ಯದ ಜೊತೆಯಲ್ಲೇ ಬಂದು, ಹಿಟ್ಟಿನ ಸಕ್ಕರೆಯನ್ನು ಬಳಸಿಕೊಂಡು ಹುಳಿಯನ್ನೂ ಇಂಗಾಲದ ಡೈ ಆಕ್ಸೈಡ್ ಅನಿಲವನ್ನೂ ಹುಟ್ಟಿಸುತ್ತದೆ. ಉದ್ದಿನಲ್ಲಿರುವ ಪ್ರೋಟೀನು ಮತ್ತು ಅಂಟಿನಂಥ ವಸ್ತು ಆ ಅನಿಲವನ್ನು ಹಿಡಿದಿಡುತ್ತವೆ. ಆದ್ದರಿಂದಲೇ ಹಿಟ್ಟು ಉಬ್ಬುತ್ತದೆ, ಇಡ್ಲಿ ಹಗುರಾಗುತ್ತದೆ. ಸುಮಾರು 30 ಡಿಗ್ರಿ ಸೆಲ್ಸಿಯಸ್ ಶಾಖ ಈ ಕ್ರಿಯೆಗೆ ಹಿತ. ಡಿಸೆಂಬರಿನ ಚಳಿಯಲ್ಲಿ ಹಿಟ್ಟು ನಿಧಾನವಾಗಿ ಹುದುಗುವುದರಿಂದ ಭಟ್ಟರು ಪಾತ್ರೆಯನ್ನು ಒಲೆಯ ಪಕ್ಕಕ್ಕೆ ಸರಿಸುತ್ತಾರೆ. ಸೂಕ್ಷ್ಮಜೀವಿಶಾಸ್ತ್ರ ಓದದೆಯೇ ಕಲಿತ ವಿಜ್ಞಾನ ಇದು.

ಈ ವಿದ್ಯೆ ಎಷ್ಟು ಹಳೆಯದು? ಹತ್ತನೆಯ ಶತಮಾನದ್ದೆನ್ನಲಾದ 'ವಡ್ಡಾರಾಧನೆ'ಯಲ್ಲಿ 'ಇಡ್ಡಲಿಗೆ' ಎಂಬ ತಿಂಡಿಯ ಹೆಸರು ಬರುತ್ತದೆ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಅದನ್ನು ಮಾಡುವ ವಿಧಾನವೇ ಇದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿ ಹಾಗೂ ಮಸಾಲೆ ಬೆರೆಸಬೇಕು. ಸುಮಾರು 1130ರಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ' ಕೂಡ ಇಂಥದೇ ತಿಂಡಿಯನ್ನು ಹೇಳುತ್ತದೆ. ಆದರೆ ಒಂದು ಸಂಗತಿಯನ್ನು ಗಮನಿಸಿ. ಆಹಾರ ಚರಿತ್ರೆಕಾರ ಕೆ. ಟಿ. ಅಚ್ಚಯ್ಯನವರು ತೋರಿಸಿರುವಂತೆ, ಈ ಹಳೆಯ ವಿವರಗಳಲ್ಲಿ ಅಕ್ಕಿಯೂ ಇಲ್ಲ, ರಾತ್ರಿಯಿಡೀ ಹುದುಗಿಸುವುದೂ ಇಲ್ಲ, ಆವಿಯಲ್ಲಿ ಬೇಯಿಸುವುದೂ ಇಲ್ಲ. ಹೆಸರು ಹಳೆಯದಾದರೂ ತಿಂಡಿ ಬದಲಾಗುತ್ತಲೇ ಬಂದಿದೆ.

ಹಾಗಾದರೆ ಹೋಟೆಲು? ಅದು ತೀರ ಇತ್ತೀಚಿನದು. ಹಿಂದೆ ನಮ್ಮವರು ಊರು ಬಿಟ್ಟು ಹೊರಟಾಗ ಬುತ್ತಿ ಕಟ್ಟಿಕೊಳ್ಳುತ್ತಿದ್ದರು. ಇಲ್ಲವೆ ಛತ್ರದಲ್ಲೋ ನೆಂಟರ ಮನೆಯಲ್ಲೋ ಉಣ್ಣುತ್ತಿದ್ದರು. ದುಡ್ಡು ಕೊಟ್ಟು ಅನ್ನ ಉಣ್ಣುವುದು ಅನೇಕರಿಗೆ ಸಂಕೋಚದ ವಿಷಯವಾಗಿತ್ತು. ಕಚೇರಿ, ಕಾರ್ಖಾನೆ, ಕಾಲೇಜುಗಳು ಬೆಳೆದಂತೆ ನಗರಕ್ಕೆ ಒಂಟಿಯಾಗಿ ಬಂದವರ ಸಂಖ್ಯೆ ಹೆಚ್ಚಿತು. ಅವರಿಗೆ ಊಟ ಬೇಕಿತ್ತು. ದಕ್ಷಿಣ ಕನ್ನಡ, ಉಡುಪಿ ಕಡೆಯ ಬಡ ಕುಟುಂಬಗಳ ಹುಡುಗರಿಗೆ ಕೆಲಸ ಬೇಕಿತ್ತು. ಈ ಎರಡು ಅಗತ್ಯಗಳು ಸೇರಿದ ಕಡೆ 'ಉಡುಪಿ ಹೋಟೆಲು' ಹುಟ್ಟಿತು.

ಕಾರ್ಕಳದ ಕಡೆಯ ಕಡಂದಲೆಯ ಕೆ. ಕೃಷ್ಣರಾಯರು ಅಡುಗೆಮನೆಯ ಕೆಲಸದಿಂದ ಬದುಕು ಆರಂಭಿಸಿ 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದರು. ಮುಂಬಯಿಯ ಮಾಟುಂಗಾದಲ್ಲಿ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಲ್ಲಿ ಶುರುವಾಯಿತು. ಬೆಂಗಳೂರಿನಲ್ಲಿ ಪರಮೇಶ್ವರ ಮಯ್ಯ ಮತ್ತು ಸಹೋದರರು 1924ರಲ್ಲಿ ಆರಂಭಿಸಿದ ಹೋಟೆಲೇ ಇಂದಿನ ಮಾವಳ್ಳಿ ಟಿಫಿನ್ ರೂಮ್ಸ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಿಂದ ಇಡ್ಲಿ ಮಾಡಿ ನೋಡಿದೆವು, ಹಾಗೆ ಹುಟ್ಟಿದ್ದೇ ರವೆ ಇಡ್ಲಿ ಎಂದು ಆ ಹೋಟೆಲಿನವರು ಹೇಳುತ್ತಾರೆ. ಬರ್ಮಾದ ಅಕ್ಕಿ ನಿಂತುಹೋದದ್ದನ್ನು ನೀವು ಚರಿತ್ರೆ ಪುಸ್ತಕದಲ್ಲಿ ಓದಿದ್ದೀರಿ. ಅದರ ಪರಿಣಾಮ ನಮ್ಮ ತಟ್ಟೆಯವರೆಗೂ ಬಂದಿತ್ತು.

ಮತ್ತೆ ಆ ಬೆಳಗಿನ ಜಾವಕ್ಕೆ ಬರೋಣ. ನಾಲ್ಕೂವರೆಗೆ ಬಾಯ್ಲರಿಗೆ ಉರಿ ಹಾಕಿದರು. ಒಬ್ಬರು ಫಿಲ್ಟರಿಗೆ ಕಾಫಿಪುಡಿ ತುಂಬಿ ಕುದಿನೀರು ಹೊಯ್ದರು. ಇನ್ನೊಬ್ಬರು ತೆಂಗಿನಕಾಯಿ ತುರಿದರು. ಸಾಂಬಾರಿನ ಬೇಳೆ ಬೆಂದಿತು. ಮೇಜು ಒರೆಸಿ, ನೆಲ ತೊಳೆದು, ಲೋಟಗಳನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದರು. ದೋಸೆ ಕಲ್ಲಿನ ಮೇಲೆ ಭಟ್ಟರು ನೀರು ಚಿಮುಕಿಸಿದರು. ಹನಿಗಳು ಮಣಿಗಳಂತೆ ಉರುಳಿ ಓಡಿದವು. "ಕಾವು ಜಾಸ್ತಿಯಾಯಿತು" ಎಂದು ಉರಿ ತಗ್ಗಿಸಿದರು. ಬಿಸಿ ಕಲ್ಲಿಗೂ ಹನಿಗೂ ನಡುವೆ ತೆಳುವಾದ ಆವಿಯ ಪದರ ನಿಲ್ಲುವುದರಿಂದ ಹೀಗಾಗುತ್ತದೆ. 1756ರಲ್ಲಿ ಇದನ್ನು ವಿವರಿಸಿದ ಜರ್ಮನ್ ವೈದ್ಯ ಲೈಡೆನ್‌ಫ್ರಾಸ್ಟ್‌ನ ಹೆಸರಿನಲ್ಲೇ ಇಂದು ಈ ಪರಿಣಾಮವನ್ನು ಕರೆಯುತ್ತಾರೆ.

ಭಟ್ಟರ ಬಲಗೈ ಹೆಬ್ಬೆರಳಿನ ಬುಡದಲ್ಲಿ ಗಟ್ಟಿಯಾದ ಜಡ್ಡು ಇತ್ತು. ಕೇಳಿದಾಗ, "ರುಬ್ಬುಕಲ್ಲಿನದು. ಹನ್ನೊಂದನೆಯ ವಯಸ್ಸಿಗೆ ಬಂದೆ" ಎಂದರು. 1955ರ ಸುಮಾರಿಗೆ ಕೊಯಮತ್ತೂರಿನಲ್ಲಿ ವಿದ್ಯುತ್ ಗ್ರೈಂಡರ್ ತಯಾರಾಯಿತು. ಆದರೆ ಎಲ್ಲ ಹೋಟೆಲುಗಳಿಗೂ ಅದು ಬರಲು ವರ್ಷಗಳೇ ಹಿಡಿದವು. ಅಲ್ಲಿಯವರೆಗೆ ನಗರದ ಬೆಳಗಿನ ತಿಂಡಿ ಇಂಥ ಕೈಗಳಿಂದಲೇ ಸಿದ್ಧವಾಗುತ್ತಿತ್ತು. ಇವುಗಳಲ್ಲಿ ಅನೇಕ ಕೈಗಳು ಮಕ್ಕಳವು. ಮುಂಬಯಿಯಲ್ಲಿ ಇಂಥ ಹುಡುಗರು ಹಗಲು ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದರು. ಮುಂದೆ ಬಂದವರ ಕಥೆ ನಮಗೆ ಗೊತ್ತು. ಬಾರದವರದು ಗೊತ್ತಿಲ್ಲ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲ್ ಕೆಲಸಕ್ಕೆ ಇಟ್ಟುಕೊಳ್ಳುವುದು ನಿಷಿದ್ಧವಾದದ್ದು 2006ರ ಅಕ್ಟೋಬರಿನಲ್ಲಿ.

ಇನ್ನೊಂದು ಮಾತು. ಬಾಗಿಲು ತೆರೆಯುವುದು ಎಂದೆನಲ್ಲ, ಯಾರಿಗೆ? ಹಿಂದಿನ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಪಂಕ್ತಿ, ಇತರರಿಗೆ ಬೇರೆ ಜಾಗ ಇದ್ದವು. ದಲಿತರಿಗೆ ಎಷ್ಟೋ ಕಡೆ ಪ್ರವೇಶವೇ ಇರಲಿಲ್ಲ. ಕೆಲವೆಡೆ ಅವರ ಲೋಟವನ್ನೇ ಹೊರಗೆ ಬೇರೆ ಇಡುತ್ತಿದ್ದರು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ, 15ನೆಯ ವಿಧಿಯಲ್ಲಿ ಹೋಟೆಲುಗಳ ಹೆಸರನ್ನೇ ಎತ್ತಿ, ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದು ಎಂದಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಹೋಟೆಲಿನ ಪಾತ್ರೆಗಳ ಬಳಕೆಯಲ್ಲಿನ ಭೇದವನ್ನೂ ಶಿಕ್ಷಾರ್ಹ ಮಾಡಿತು. ಒಂದು ಲೋಟ ಕಾಫಿಗೆ ಸಂವಿಧಾನ ಬೇಕಾಯಿತು! ಕಾನೂನು ಬಂದ ಮರುದಿನವೇ ಎಲ್ಲ ಬಾಗಿಲುಗಳೂ ತೆರೆದವೆಂದು ಭಾವಿಸಬೇಡಿ. ಇಂದಿಗೂ ಅಲ್ಲಲ್ಲಿ ಬೇರೆ ಲೋಟದ ಸುದ್ದಿ ಕೇಳಿಬರುತ್ತದೆ.

ಆ ದಿನ ಆರೂವರೆಗೆ ಬಾಗಿಲು ತೆರೆಯಿತು. ಮೊದಲು ಬಂದವರು ಬೀದಿ ಗುಡಿಸಿ ಮುಗಿಸಿದ ಇಬ್ಬರು ಪೌರಕಾರ್ಮಿಕ ಮಹಿಳೆಯರು. ಒಳಗೆ ಬಂದು, ಎಲ್ಲರೂ ಕೂರುವ ಮೇಜಿನಲ್ಲೇ ಕುಳಿತು, ಎರಡು ಪ್ಲೇಟ್ ಇಡ್ಲಿ ಹೇಳಿದರು. ಭಟ್ಟರು ಮೊದಲ ಅಟ್ಟ ಇಳಿಸಿದರು.

ವಿದ್ಯಾರ್ಥಿಗಳೇ, ನಿಮ್ಮ ಊರಿನ ಹಳೆಯ ಹೋಟೆಲಿಗೆ ಒಂದು ದಿನ ಹೋಗಿ. ಅಲ್ಲಿನ ಹಿರಿಯ ಕೆಲಸಗಾರರನ್ನು ಮಾತನಾಡಿಸಿ. ಎಲ್ಲಿಂದ ಬಂದಿರಿ, ಎಷ್ಟನೆಯ ವಯಸ್ಸಿಗೆ, ಆಗ ಒಳಗೆ ಯಾರು ಕೂರುತ್ತಿದ್ದರು, ಹೊರಗೆ ಯಾರು ನಿಲ್ಲುತ್ತಿದ್ದರು ಎಂದು ಕೇಳಿ ಬರೆದಿಡಿ. ಶಾಸನಗಳಲ್ಲಿ ಸಿಗದ ಚರಿತ್ರೆ ಅದು. ಹೇಳುವವರು ಇರುವಾಗಲೇ ಕೇಳಬೇಕು.