‘ಏಷ್ಯಾ’ ಎಂಬ ಕ್ಷುದ್ರಗ್ರಹ ಮತ್ತು ನಮ್ಮ ಸೀಮೆಯ ವೇಧಶಾಲೆ

1861ರ ಏಪ್ರಿಲ್ 17ರಂದು ನಾರ್ಮನ್ ಪಾಗ್ಸನ್ ಮದ್ರಾಸ್ ವೇಧಶಾಲೆಯಿಂದ ಪತ್ತೆ ಹಚ್ಚಿದ ಕ್ಷುದ್ರಗ್ರಹದ ಹೆಸರು 67 ಏಷ್ಯಾ. ಈ ಖಂಡದ ನೆಲದಿಂದ ಸಿಕ್ಕ ಮೊದಲನೆಯದು ಎಂಬ ಕಾರಣಕ್ಕೇ ಆ ಹೆಸರು ಬಂತು. ಗ್ರೀಕ್ ಪುರಾಣದಲ್ಲೂ ಏಷ್ಯಾ ಎಂಬ ಸಾಗರಕನ್ಯೆ ಇದ್ದುದರಿಂದ, ಸ್ತ್ರೀದೇವತೆಗಳ ಹೆಸರನ್ನೇ ಇಡುವ ಅಂದಿನ ರೂಢಿಯೂ ಉಳಿಯಿತು. ಬೀದರ ಜಿಲ್ಲೆಯ ಸಾಯಗಾಂವದ ಈ ಸ್ಮರಣ ಸಂಚಿಕೆಗೆ ಈ ಕಥೆ ಯಾಕೆ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ನನ್ನ ವಾದ ಇಷ್ಟೇ: ಕ್ಷುದ್ರಗ್ರಹವನ್ನು ಕಾಣುವವನು ಒಬ್ಬ, ಅದು ಕೈತಪ್ಪದಂತೆ ನೋಡಿಕೊಳ್ಳುವವರು ನಕ್ಷತ್ರಗಳ ಸ್ಥಾನ ಅಳೆದಿಟ್ಟ ಹತ್ತಾರು ಮಂದಿ. ಆ ಎರಡನೆಯ ಸಾಲಿನಲ್ಲಿ ಬೀದರ, ಭಾಲ್ಕಿ, ಔರಾದಗಳು ಸೇರಿದ್ದ ಹೈದರಾಬಾದ್ ಸಂಸ್ಥಾನಕ್ಕೂ ಜಾಗವಿದೆ.

ಆಗಿನ್ನೂ ಈ ಕೆಲಸಕ್ಕೆ ಛಾಯಾಚಿತ್ರದ ನೆರವು ಇರಲಿಲ್ಲ. ನಕ್ಷೆಯನ್ನು ಪಕ್ಕಕ್ಕಿಟ್ಟುಕೊಂಡು ದೂರದರ್ಶಕದಲ್ಲಿ ಒಂದೊಂದೇ ಚುಕ್ಕೆಯನ್ನು ತಾಳೆ ನೋಡಬೇಕು. ನಕ್ಷೆಯಲ್ಲಿಲ್ಲದ ಚುಕ್ಕೆ ಕಂಡರೆ, ಅದು ಅಕ್ಕಪಕ್ಕದ ನಕ್ಷತ್ರಗಳ ನಡುವೆ ಸರಿದಿದೆಯೇ ಎಂದು ಮರುರಾತ್ರಿ ನೋಡಬೇಕು. ಸರಿದಿದ್ದರೆ ಎಷ್ಟು, ಯಾವ ದಿಕ್ಕಿಗೆ ಎಂಬ ಲೆಕ್ಕದಿಂದ ಕಕ್ಷೆ ಹುಟ್ಟುತ್ತದೆ. ಏಷ್ಯಾ ಮಂಗಳ ಮತ್ತು ಗುರುಗಳ ನಡುವಿನ ಪಟ್ಟಿಯಲ್ಲಿ, ಸೂರ್ಯನಿಂದ ಸರಾಸರಿ 36 ಕೋಟಿ ಕಿ.ಮೀ. ದೂರದಲ್ಲಿದ್ದು, ಸುಮಾರು 3 ವರ್ಷ 9 ತಿಂಗಳಿಗೆ ಒಂದು ಸುತ್ತು ಮುಗಿಸುತ್ತದೆ. ಅಡ್ಡಳತೆ 60 ಕಿ.ಮೀ. ಆಸುಪಾಸು. ಸಣ್ಣದೆನಿಸಬಹುದು, ಆದರೆ ಅದರ ಮೈಮೇಲೆ ಬೀದರ ಜಿಲ್ಲೆಯಂಥ ಎರಡು ಜಿಲ್ಲೆಗಳನ್ನು ಹಾಸಬಹುದು.

ಪಾಗ್ಸನ್ ಇಂಗ್ಲೆಂಡಿನವನು, ವೇಧಶಾಲೆ ಕಂಪನಿ ಸರಕಾರ ಕಟ್ಟಿಸಿದ್ದು, ಇದರಲ್ಲಿ ನಮ್ಮದೇನು ಎಂಬ ಆಕ್ಷೇಪವಿದೆ. ಆದರೆ ಅದೇ ವೇಧಶಾಲೆಯಲ್ಲಿ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರಿ 1867ರಲ್ಲಿ ‘ಆರ್ ರೆಟಿಕ್ಯುಲಿ’ ಎಂಬ ನಕ್ಷತ್ರದ ಬೆಳಕು ಏರಿಳಿಯುವುದನ್ನು ಗುರುತಿಸಿದರು. 1874ರ ಶುಕ್ರ ಸಂಕ್ರಮಣದ ಬಗ್ಗೆ ಅವರು ಬರೆದ ಪುಸ್ತಿಕೆ ಕನ್ನಡದಲ್ಲೂ ಬಂತು. ಮದ್ರಾಸಿನ ಆ ಪರಂಪರೆ ಕೊಡೈಕೆನಾಲ್ ಹಾದು ಈಗ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ ಮುಂದುವರಿದಿದೆ. ಪಾಗ್ಸನ್ 1885ರಲ್ಲಿ ಕಂಡ ‘ವೇರಾ’ದ ನಂತರ ಭಾರತದಿಂದ ಮತ್ತೊಂದು ಕ್ಷುದ್ರಗ್ರಹ ಸಿಗಲು 1988 ಬರಬೇಕಾಯಿತು, ಅದನ್ನು ಕಂಡವರು ಇದೇ ಸಂಸ್ಥೆಯ ಆರ್. ರಾಜಮೋಹನ್, ಕಾವಲೂರಿನಿಂದ. ಅದರ ಹೆಸರು 4130 ರಾಮಾನುಜನ್.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ: ಬೀದರ ಮದ್ರಾಸಿಗೆ ಸೇರಿರಲೇ ಇಲ್ಲ, ನಿಜಾಮರ ವೇಧಶಾಲೆಯೋ 1861ರಲ್ಲಿ ಹುಟ್ಟಿಯೇ ಇರಲಿಲ್ಲ. ನಿಜ, ಏಷ್ಯಾದ ಶೋಧದಲ್ಲಿ ಹೈದರಾಬಾದಿಗೆ ಪಾಲಿಲ್ಲ. ಆದರೆ ಕಕ್ಷೆ ಒಮ್ಮೆ ಬರೆದು ಮುಚ್ಚಿಡುವ ಕಡತವಲ್ಲ. ಗುರುಗ್ರಹದ ಸೆಳೆತ ಅದನ್ನು ಅಲುಗಿಸುತ್ತಲೇ ಇರುತ್ತದೆ, ಪ್ರತಿ ಸುತ್ತಿನಲ್ಲೂ ಹೊಸದಾಗಿ ಅಳೆಯಬೇಕು. ಅಳೆಯುವುದು ಸ್ಥಾನ ಗೊತ್ತಿರುವ ನಕ್ಷತ್ರಗಳ ಆಧಾರದಿಂದ. ನವಾಬ್ ಜಫರ್ ಜಂಗ್ 1901ರಲ್ಲಿ ಆರಂಭಿಸಿ, 1908ರಲ್ಲಿ ನಿಜಾಮ್ ಸರಕಾರ ವಹಿಸಿಕೊಂಡ ನಿಜಾಮಿಯಾ ವೇಧಶಾಲೆ, ಜಾಗತಿಕ ನಕ್ಷತ್ರಪಟ್ಟಿಯ ಯೋಜನೆಯಲ್ಲಿ ಚಿಲಿಯ ಸಾಂಟಿಯಾಗೊ ಮುಗಿಸಲಾಗದ ದಕ್ಷಿಣ ಕ್ರಾಂತಿ (ಖಗೋಳ ಸಮಭಾಜಕದಿಂದ ದಕ್ಷಿಣಕ್ಕೆ) 17ರಿಂದ 23 ಡಿಗ್ರಿಯ ವಲಯವನ್ನು ಹೊತ್ತುಕೊಂಡಿತು. ವೃಶ್ಚಿಕ, ಧನು, ಮಕರ ರಾಶಿಗಳಲ್ಲಿ ಸೂರ್ಯಪಥದ ಬಹುಭಾಗ ಬರುವುದು ಆ ವಲಯದಲ್ಲೇ. ಅಂದರೆ ಸೂರ್ಯಪಥಕ್ಕೆ ಅಂಟಿಕೊಂಡೇ ಸಾಗುವ ಬಹುಪಾಲು ಕ್ಷುದ್ರಗ್ರಹಗಳು ಅದನ್ನು ಹಾಯದೆ ಸುತ್ತು ಮುಗಿಸಲಾರವು. ಇಂದಿಗೂ ಕಕ್ಷೆ ಖಚಿತವಾಗದೆ ಕ್ಷುದ್ರಗ್ರಹಕ್ಕೆ ಸಂಖ್ಯೆ ಸಿಗುವುದಿಲ್ಲ, ಸಂಖ್ಯೆ ಸಿಗದೆ ಹೆಸರಿಡುವಂತಿಲ್ಲ. ನಮ್ಮ ಜಿಲ್ಲೆಯ ಚರಿತ್ರೆ ಬರೆಯುವವರು ನಿಜಾಮರ ಕಾಲದ ಕಂದಾಯಕ್ಕೂ ಕದನಕ್ಕೂ ಪುಟಗಟ್ಟಲೆ ಕೊಡುತ್ತಾರೆ. ಹೈದರಾಬಾದಿನ ಬೇಗಂಪೇಟೆಯ ಆ ನಿಜಾಮಿಯಾ ವೇಧಶಾಲೆಗೂ ಅದರಲ್ಲಿ ಒಂದು ಅಧ್ಯಾಯ ಸಲ್ಲಬೇಕು.